ಕಂಪ್ಯೂಟರ್ ಅಪ್ಪಣೆ ಕೇಳಿದಾಗ

ಯಾವ ಹೈಸ್ಕೂಲಿನ ಪ್ರಯೋಗಶಾಲೆಗೆ ಹೋದರೂ ಅಲ್ಲೊಂದು ಬೀರು ಬೀಗ ಹಾಕಿಕೊಂಡೇ ಇರುತ್ತದೆ. ಪ್ರನಾಳ, ಬೀಕರ್, ಲಿಟ್ಮಸ್ ಕಾಗದಗಳೆಲ್ಲ ಮೇಜಿನ ಮೇಲೆ ಮಕ್ಕಳ ಕೈಗೆ ಸಿಗುವಂತಿರುತ್ತವೆ. ನೀರು ಬೆರೆಸದ ಸಲ್ಫ್ಯೂರಿಕ್ ಆಮ್ಲದ ಸೀಸೆ ಮಾತ್ರ ಆ ಬೀರುವಿನ ಒಳಗೆ. ವರ್ಷವಿಡೀ ನಡೆಯುವ ಪ್ರಯೋಗಗಳಲ್ಲಿ ಹೆಚ್ಚಿನವು ಸಾರರಿಕ್ತ ಆಮ್ಲದಲ್ಲೇ ಮುಗಿದುಹೋಗುತ್ತವೆ. ಬೇಕೇ ಬೇಕಾದ ದಿನ ಮೇಷ್ಟ್ರು ಬೀಗ ತೆಗೆದು, ಎಷ್ಟು ಬೇಕೋ ಅಷ್ಟು ಬಳಸಿ, ಮತ್ತೆ ಬೀಗ ಹಾಕುತ್ತಾರೆ. ಮಕ್ಕಳ ಮೇಲೆ ನಂಬಿಕೆ ಇಲ್ಲವೆಂದಲ್ಲ. ಆ ಮೇಷ್ಟ್ರು ಕೂಡ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಓಡಾಡುವುದಿಲ್ಲ. ಎಡವಿ ಬಿದ್ದರೆ ಗತಿಯೇನು?

ಕಂಪ್ಯೂಟರಿನ ಒಳಗೂ ಇಂಥದೊಂದು ಬೀರು ಇದೆ. ಹೊಸ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೊರಟಾಗ ಪರದೆ ಥಟ್ಟನೆ ಮಸುಕಾಗುತ್ತದೆ. ನಡುವೆ ಒಂದು ಚೌಕಟ್ಟು ಮೂಡಿ, ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳುತ್ತದೆ. ಕೆಳಗೆ ಎರಡೇ ಗುಂಡಿಗಳು: ಒಂದು ‘ಹೌದು’, ಇನ್ನೊಂದು ‘ಬೇಡ’. ಯಾರೋ ಬೀರುವಿನ ಮುಂದೆ ನಿಂತು ಬೀಗದ ಕೈ ಕೇಳುತ್ತಿದ್ದಾರೆ ಎಂದು ಇದರ ಅರ್ಥ. ಆದರೆ ಬಹಳಷ್ಟು ಜನ ಆ ಚೌಕಟ್ಟಿನಲ್ಲಿ ಏನು ಬರೆದಿದೆ ಎಂದು ನೋಡುವುದೇ ಇಲ್ಲ. ‘ಹೌದು’ ಒತ್ತಿ ಮುಂದಕ್ಕೆ ಹೋಗುತ್ತಾರೆ.

2020ರ ಕೋವಿಡ್ ದಿನಗಳಿಂದ ಈಚೆಗೆ ಕಚೇರಿಯ ಲ್ಯಾಪ್‌ಟಾಪ್ ಮನೆಗೆ ಬರುವುದು ಸಾಮಾನ್ಯವಾಗಿದೆ. ಅಪ್ಪ ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಮಗ ಅದರಲ್ಲೊಂದು ಆಟ ಇಳಿಸಿಕೊಳ್ಳಬಹುದು. ಮಗಳು ಪ್ರಾಜೆಕ್ಟ್‌ಗೆ ಬೇಕೆಂದು ‘ಉಚಿತ’ ತಂತ್ರಾಂಶವೊಂದನ್ನು ಹುಡುಕಬಹುದು. ಪರದೆ ಮಸುಕಾಗುತ್ತದೆ, ಪ್ರಶ್ನೆ ಮೂಡುತ್ತದೆ. ಆ ಕ್ಷಣದಲ್ಲಿ ಒತ್ತುವ ಗುಂಡಿಯ ಮೇಲೆ ಅಪ್ಪನ ಕಚೇರಿಯ ಲೆಕ್ಕಪತ್ರ, ಗ್ರಾಹಕರ ವಿವರ, ಕೆಲವೊಮ್ಮೆ ಅವರ ನೌಕರಿಯೇ ನಿಂತಿರುತ್ತದೆ. ಹಾಗಾದರೆ ಆ ಪ್ರಶ್ನೆಯನ್ನು ಕೇಳುವವರು ಯಾರು? ಏಕೆ ಕೇಳುತ್ತಾರೆ? ಅದಕ್ಕೆ ಉತ್ತರ ಕೊಡುವುದು ಹೇಗೆ?

ಬೀಗದ ಕೈ ಯಾರ ಬಳಿ?

ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಎರಡು ಭಾಗ ಮಾಡಬಹುದು. ಮೊದಲನೆಯದು ಬಳಸುವವರ ಸ್ವಂತದ್ದು: ಅವರು ಬರೆದ ಪತ್ರ, ತೆಗೆದ ಚಿತ್ರ, ಪರದೆಗೆ ಹಾಕಿಕೊಂಡ ಹಿನ್ನೆಲೆ. ಎರಡನೆಯದು ಎಲ್ಲರಿಗೂ ಸೇರಿದ್ದು: ಕಾರ್ಯಾಚರಣ ವ್ಯವಸ್ಥೆಯ ಕಡತಗಳು, ಎಲ್ಲರೂ ಬಳಸುವ ತಂತ್ರಾಂಶಗಳು, ಪ್ರಿಂಟರಿನಂಥ ಉಪಕರಣಗಳನ್ನು ನಡೆಸುವ ಡ್ರೈವರುಗಳು, ಯಾರು ಯಾರಿಗೆ ಪ್ರವೇಶವಿದೆ ಎಂಬ ಪಟ್ಟಿ. ಮೊದಲನೆಯ ಭಾಗದಲ್ಲಿ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ. ಎರಡನೆಯದನ್ನು ಮುಟ್ಟಬೇಕಾದರೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಬಾಯಿಮಾತಿನಲ್ಲಿ ಇದನ್ನೇ ‘ಅಡ್ಮಿನ್’ ಎನ್ನುತ್ತಾರೆ. ಅಡ್ಮಿನ್ ಅಧಿಕಾರವಿಲ್ಲದ ಖಾತೆಗೆ ‘ಸ್ಟ್ಯಾಂಡರ್ಡ್’, ಅಂದರೆ ಸಾಮಾನ್ಯ ಖಾತೆ ಎಂದು ಹೆಸರು.

ಒಂದು ಚಿಕ್ಕ ಉದಾಹರಣೆ ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಸಾಮಾನ್ಯ ಖಾತೆಯವರು ಕಾಲವಲಯವನ್ನು ಬದಲಿಸಬಹುದು. ಬೆಂಗಳೂರಿನಿಂದ ದುಬೈಗೆ ಹೋದವರು ಅಲ್ಲಿಯ ಸಮಯ ತೋರಿಸುವಂತೆ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಗಡಿಯಾರವನ್ನೇ ಹಿಂದಕ್ಕೋ ಮುಂದಕ್ಕೋ ತಿರುಗಿಸಲು ಅಡ್ಮಿನ್ ಅಧಿಕಾರ ಬೇಕು. ಇದೇನು ವಿಚಿತ್ರ ಎನಿಸಬಹುದು. ಕಾರಣ ಸರಳ. ಯಾವ ಕೆಲಸ ಯಾವ ಹೊತ್ತಿನಲ್ಲಿ ನಡೆಯಿತು ಎಂಬ ದಾಖಲೆಯೆಲ್ಲ ಆ ಗಡಿಯಾರವನ್ನೇ ನಂಬಿದೆ. ಬ್ಯಾಂಕಿನ ಜಾಲತಾಣ ಅಸಲಿಯೋ ನಕಲಿಯೋ ಎಂದು ತಿಳಿಯಲು ಕಂಪ್ಯೂಟರ್ ಒಂದು ಪ್ರಮಾಣಪತ್ರವನ್ನು ಪರೀಕ್ಷಿಸುತ್ತದೆ. ಅದರ ಅವಧಿ ಮುಗಿದಿದೆಯೇ ಎಂದು ನೋಡುವುದೂ ಅದೇ ಗಡಿಯಾರದಿಂದ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅವಧಿ ತೀರಿದ ಪತ್ರವೂ ಚಾಲ್ತಿಯಲ್ಲಿರುವಂತೆ ಕಂಡೀತು. ಕಾಲವಲಯ ಎಂಬುದು ತೋರಿಕೆಯ ವಿಷಯ, ಗಡಿಯಾರ ಎಂಬುದು ನಂಬಿಕೆಯ ವಿಷಯ. ಬೀಗ ಬಿದ್ದಿರುವುದು ಎರಡನೆಯದಕ್ಕೆ ಮಾತ್ರ.

ಎರಡು ಸೂತ್ರಗಳು

ಈ ವಿಚಾರ ಇಂದು ನಿನ್ನೆಯದಲ್ಲ. 1960ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ದುಬಾರಿ ಯಂತ್ರ. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಹಂಚಿಕೊಂಡು ಬಳಸುತ್ತಿದ್ದರು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸದಂತೆ, ಎಲ್ಲರಿಗೂ ಬೇಕಾದದ್ದನ್ನು ಯಾರೂ ಕೆಡಿಸದಂತೆ ನೋಡಿಕೊಳ್ಳಬೇಕಿತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಸರ್ವಾಧಿಕಾರವಿರುವ ಒಂದು ಖಾತೆಗೆ ‘ರೂಟ್’ ಎಂದು ಹೆಸರಾಯಿತು. ರೂಟ್ ಎಂದರೆ ಬೇರು. ಬೇರಿಗೆ ಕೊಡಲಿ ಬಿದ್ದರೆ ಮರ ಉಳಿಯದು. ರೂಟ್ ಖಾತೆಯಿಂದ ತಪ್ಪು ಆಜ್ಞೆ ಕೊಟ್ಟರೆ ತಡೆಯುವವರು ಯಾರೂ ಇರುವುದಿಲ್ಲ.

1975ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಅವರು ಪಟ್ಟಿ ಮಾಡಿದ ಎಂಟು ಸೂತ್ರಗಳನ್ನು ಇಂದಿಗೂ ಈ ವಿದ್ಯೆಯ ಅಕ್ಷರಾಭ್ಯಾಸದಂತೆ ಕಲಿಸಲಾಗುತ್ತದೆ. ಇಲ್ಲಿಗೆ ಬೇಕಾದವು ಎರಡು. ಒಂದು, ಕನಿಷ್ಠ ಅಧಿಕಾರದ ಸೂತ್ರ: ಪ್ರತಿ ತಂತ್ರಾಂಶಕ್ಕೂ ಪ್ರತಿ ವ್ಯಕ್ತಿಗೂ ಕೈಲಿರುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರಬೇಕು. ಇದು ಪ್ರಯೋಗಶಾಲೆಯ ಬೀರುವಿನ ನ್ಯಾಯವೇ. ಇನ್ನೊಂದು, ಮನಸ್ಸಿಗೆ ಒಗ್ಗುವ ಸೂತ್ರ: ರಕ್ಷಣೆಯ ಏರ್ಪಾಡು ಬಳಸಲು ಸುಲಭವಾಗಿರಬೇಕು, ಇಲ್ಲದಿದ್ದರೆ ಜನ ಅದನ್ನು ಸರಿಯಾಗಿ ಬಳಸುವುದಿಲ್ಲ. ಮೊದಲನೆಯದು ಬೀಗ ಹಾಕು ಎನ್ನುತ್ತದೆ. ಎರಡನೆಯದು, ಬೀಗ ತೆಗೆಯುವುದೇ ದಿನವಿಡೀ ಕೆಲಸವಾಗಬಾರದು ಎನ್ನುತ್ತದೆ. ಮುಂದೆ ನಡೆದ ಕಥೆಯೆಲ್ಲ ಈ ಎರಡರ ನಡುವಿನ ಎಳೆದಾಟವೇ.

1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಒಂದು ಜಾಣ ಉಪಾಯ ಕಂಡುಕೊಂಡರು. ಸುಡು ಎಂಬುದು ಅದರ ಹೆಸರು. ಕನ್ನಡದ ಕಿವಿಗೆ ಬೇರೆಯೇ ಕೇಳಿಸಿದರೂ ಅದರ ಕೆಲಸ ಸುಡುವುದಲ್ಲ! ರೂಟ್ ಖಾತೆಯೊಳಗೇ ಕುಳಿತು ಕೆಲಸ ಮಾಡುವ ಬದಲು, ಸಾಮಾನ್ಯ ಖಾತೆಯಲ್ಲಿದ್ದುಕೊಂಡೇ ಒಂದು ಆಜ್ಞೆಯ ಮಟ್ಟಿಗೆ ಅಧಿಕಾರವನ್ನು ಎರವಲು ಪಡೆಯಲು ಅದು ನೆರವಾಗುತ್ತದೆ. ಯಾರು ಯಾವಾಗ ಎರವಲು ಪಡೆದರು ಎಂದು ಬರೆದಿಡುತ್ತದೆ ಕೂಡ. ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಬಾಗಿಲಿಲ್ಲದ ಮನೆಗೆ ಬಾಗಿಲಿಟ್ಟಾಗ

ಮನೆಮನೆಗೆ ಬಂದ ಕಂಪ್ಯೂಟರಿನ ಕಥೆ ಬೇರೆಯಾಯಿತು. 1995ರ ವಿಂಡೋಸ್ 95ರಲ್ಲಿ ಈ ಭೇದವೇ ಇರಲಿಲ್ಲ. ಯಂತ್ರದ ಮುಂದೆ ಕುಳಿತವರೇ ರಾಜ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಎರಡು ಬಗೆಯ ಖಾತೆಗಳಿದ್ದವು, ಆದರೆ ಮೊದಲಿಗೆ ಅಳವಡಿಸುವಾಗ ಮಾಡಿಕೊಂಡ ಖಾತೆಗಳೆಲ್ಲ ಅಡ್ಮಿನ್ ಖಾತೆಗಳೇ ಆಗುತ್ತಿದ್ದವು. ಹೆಚ್ಚಿನವರು ಅದರಲ್ಲೇ ಮುಂದುವರಿದರು. ತಂತ್ರಾಂಶ ಬರೆಯುವವರೂ ಇದಕ್ಕೆ ಒಗ್ಗಿಹೋದರು. ಎಲ್ಲರ ಕೈಯಲ್ಲೂ ಬೀಗದ ಕೈ ಇದ್ದೇ ಇರುತ್ತದೆಂದು ಭಾವಿಸಿ, ಚಿಕ್ಕ ಆಟವೊಂದರ ಅಂಕಗಳನ್ನು ಬರೆದಿಡಲೂ ಎಲ್ಲರಿಗೂ ಸೇರಿದ ಜಾಗಕ್ಕೆ ಕೈ ಹಾಕುತ್ತಿದ್ದರು. ಹೀಗಾಗಿ ಸಾಮಾನ್ಯ ಖಾತೆಯಲ್ಲಿ ಕೆಲಸ ಮಾಡುತ್ತೇನೆಂದು ಹೊರಟವರಿಗೆ ಅರ್ಧಕ್ಕರ್ಧ ತಂತ್ರಾಂಶಗಳು ಕೈಕೊಡುತ್ತಿದ್ದವು.

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಮಾರುಕಟ್ಟೆಗೆ ಬಂದಾಗ ಮೈಕ್ರೋಸಾಫ್ಟ್ ಕಂಪನಿ ಮೊದಲ ಸಲ ಬಾಗಿಲನ್ನಿಟ್ಟಿತು. ಯೂಸರ್ ಅಕೌಂಟ್ ಕಂಟ್ರೋಲ್ ಎಂಬುದು ಆ ಏರ್ಪಾಡಿನ ಹೆಸರು. ಪರದೆ ಮಸುಕಾಗಿ ಪ್ರಶ್ನೆ ಮೂಡುವುದು ಶುರುವಾದದ್ದು ಅಲ್ಲಿಂದ. ಜನರಿಗೆ ರೋಸಿಹೋಯಿತು. ಕಡತ ಸರಿಸಿದರೆ ಪ್ರಶ್ನೆ, ಪ್ರೋಗ್ರಾಮು ತೆರೆದರೆ ಪ್ರಶ್ನೆ. ಇದನ್ನು ಅಣಕಿಸಿ ಆಪಲ್ ಕಂಪನಿ ಜಾಹೀರಾತನ್ನೇ ಮಾಡಿತು. ಎಷ್ಟೋ ಜನ ಆ ಏರ್ಪಾಡನ್ನು ಪೂರ್ತಿ ಆರಿಸಿಬಿಟ್ಟರು.

ಇಲ್ಲೊಂದು ಸ್ವಾರಸ್ಯವಿದೆ. 2008ರಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್ ಎಂಬ ಅಧಿಕಾರಿ ಸ್ಯಾನ್‌ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ, ಬಳಕೆದಾರರಿಗೆ ಕಿರಿಕಿರಿಯಾಗಲಿ ಎಂದೇ ಇದನ್ನು ಇಟ್ಟದ್ದು ಎಂದು ಒಪ್ಪಿಕೊಂಡರು. ಬಳಸುವವರು ಗೊಣಗಬೇಕು, ಆ ಗೊಣಗಾಟ ತಂತ್ರಾಂಶ ಬರೆಯುವವರಿಗೆ ತಟ್ಟಬೇಕು, ಅವರು ಬೇಕಿಲ್ಲದ ಕಡೆ ಅಧಿಕಾರ ಕೇಳುವುದನ್ನು ಬಿಡಬೇಕು ಎಂಬುದು ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ. ಹೀಗೆ ಅಪ್ಪಣೆ ಕೇಳುವ ತಂತ್ರಾಂಶಗಳ ಮತ್ತು ಕೆಲಸಗಳ ಸಂಖ್ಯೆ 7,75,312ರಿಂದ 1,68,149ಕ್ಕೆ ಇಳಿದಿದೆ ಎಂದು ಅದೇ ವರ್ಷ ಕಂಪನಿ ಪ್ರಕಟಿಸಿತು. 2009ರ ವಿಂಡೋಸ್ 7ರಲ್ಲಿ ಪ್ರಶ್ನೆಗಳು ಇನ್ನಷ್ಟು ಕಡಿಮೆಯಾದವು. ಈಗ ಒಳ್ಳೆಯ ತಂತ್ರಾಂಶಗಳು ದಿನನಿತ್ಯದ ಕೆಲಸಕ್ಕೆ ಅಡ್ಮಿನ್ ಅಧಿಕಾರ ಕೇಳುವುದಿಲ್ಲ. ಆದ್ದರಿಂದಲೇ ಪ್ರಶ್ನೆ ಮೂಡಿದಾಗ ಅದಕ್ಕೆ ಮೊದಲಿಗಿಂತ ಹೆಚ್ಚು ಬೆಲೆ.

ಪರದೆ ಮಸುಕಾಗುವುದೇಕೆ?

ಅಡ್ಮಿನ್ ಖಾತೆಯವರು ಕಂಪ್ಯೂಟರ್ ತೆರೆದು ಒಳಗೆ ಬಂದಾಗ ವಿಂಡೋಸ್ ಅವರ ಹೆಸರಿನಲ್ಲಿ ಎರಡು ಗುರುತಿನ ಚೀಟಿಗಳನ್ನು ಬರೆದಿಡುತ್ತದೆ. ಒಂದರಲ್ಲಿ ಪೂರ್ಣ ಅಧಿಕಾರ, ಇನ್ನೊಂದರಲ್ಲಿ ಸಾಮಾನ್ಯ ಅಧಿಕಾರ. ಪತ್ರ ಬರೆಯುವಾಗ, ಜಾಲತಾಣ ನೋಡುವಾಗ, ಹಾಡು ಕೇಳುವಾಗ ಬಳಕೆಯಾಗುವುದು ಸಾಮಾನ್ಯ ಚೀಟಿಯೇ. ಯಾವುದಾದರೂ ತಂತ್ರಾಂಶ ಪೂರ್ಣ ಅಧಿಕಾರ ಬೇಡಿದಾಗ ಪ್ರಶ್ನೆ ಮೂಡುತ್ತದೆ. ‘ಹೌದು’ ಎಂದರೆ ಆ ಒಂದು ತಂತ್ರಾಂಶಕ್ಕೆ, ಅದು ನಡೆಯುವಷ್ಟು ಹೊತ್ತು, ಪೂರ್ಣ ಅಧಿಕಾರದ ಚೀಟಿ ಸಿಗುತ್ತದೆ. ಸಾಮಾನ್ಯ ಖಾತೆಯವರ ಬಳಿ ಆ ಎರಡನೆಯ ಚೀಟಿ ಇರುವುದೇ ಇಲ್ಲ. ಅವರಿಗೆ ‘ಹೌದು’ ಎನ್ನಬೇಕಾದರೆ ಅಡ್ಮಿನ್ ಪಾಸ್‌ವರ್ಡ್ ಬೇಕು.

ಇನ್ನು ಮಸುಕಾಗುವ ವಿಷಯ. ಅದು ಅಲಂಕಾರಕ್ಕಾಗಿ ಅಲ್ಲ. ಮೋಸದ ತಂತ್ರಾಂಶವೊಂದು ತಾನೇ ‘ಹೌದು’ ಗುಂಡಿಯನ್ನು ಒತ್ತಿಕೊಂಡರೆ? ಅಥವಾ ಪ್ರಶ್ನೆಯ ಮೇಲೆ ಬೇರೊಂದು ಚಿತ್ರ ಮುಚ್ಚಿ ಕಣ್ಣಿಗೆ ಮಣ್ಣೆರಚಿದರೆ? ಅದಕ್ಕಾಗಿ ವಿಂಡೋಸ್ ಆ ಪ್ರಶ್ನೆಯನ್ನು ಬೇರೆಯದೇ ಆದ ಒಂದು ಪರದೆಯಲ್ಲಿ ಕೇಳುತ್ತದೆ. ಸಾಮಾನ್ಯ ತಂತ್ರಾಂಶಗಳಿಗೆ ಅಲ್ಲಿ ಪ್ರವೇಶವಿಲ್ಲ. ಹಿಂದೆ ಮಸುಕಾಗಿ ಕಾಣುವುದು ಹಳೆಯ ಪರದೆಯಲ್ಲ, ಅದರ ಛಾಯಾಚಿತ್ರ ಮಾತ್ರ!

ಇದನ್ನು ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ನೋಡಬಹುದು. ಒಂದು ಬದಿಯಲ್ಲಿ ಯಾವುದಾದರೂ ವಿಡಿಯೊ ಓಡುತ್ತಿರಲಿ. ನೋಟ್‌ಪ್ಯಾಡಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ನಡೆಸು ಎಂಬ ಆಯ್ಕೆಯನ್ನು ಆರಿಸಿ. ಪರದೆ ಮಸುಕಾದಾಗ ಹಿಂದಿನ ವಿಡಿಯೊ ನಿಶ್ಚಲ ಚಿತ್ರದಂತೆ ನಿಂತುಬಿಡುತ್ತದೆ. ಈಗ ‘ಬೇಡ’ ಒತ್ತಿ. ಏನೂ ಕೆಡುವುದಿಲ್ಲ. ಎಲ್ಲವೂ ಮೊದಲಿನಂತೆಯೇ ಇರುತ್ತದೆ. ಇದು ಚಿಕ್ಕ ಪ್ರಯೋಗವಾದರೂ ಕಲಿಸುವುದು ದೊಡ್ಡದು: ‘ಬೇಡ’ ಎಂದರೆ ಕಳೆದುಕೊಳ್ಳುವುದೇನೂ ಇಲ್ಲ. ನಿಜವಾಗಿ ಬೇಕಾಗಿದ್ದರೆ ಅದೇ ಕೆಲಸವನ್ನು ಮತ್ತೆ ಶುರುಮಾಡಬಹುದು.

ಪ್ರಶ್ನೆಯ ಚೌಕಟ್ಟಿನಲ್ಲಿ ಓದುವಂಥದ್ದೂ ಇದೆ. ತಂತ್ರಾಂಶದ ಹೆಸರೇನು, ಅದನ್ನು ಸಿದ್ಧಪಡಿಸಿದವರು ಯಾರು, ಕಡತ ಎಲ್ಲಿಂದ ಬಂದದ್ದು ಎಂದು ಅಲ್ಲಿ ಬರೆದಿರುತ್ತದೆ. ತಯಾರಕರ ಡಿಜಿಟಲ್ ಸಹಿ ತಾಳೆಯಾದರೆ ಚೌಕಟ್ಟಿನಲ್ಲಿ ನೀಲಿ ಬಣ್ಣ, ತಯಾರಕರು ಯಾರೆಂದು ತಿಳಿಯದಿದ್ದರೆ ಹಳದಿ. ಹಾಗೆಂದು ನೀಲಿ ಕಂಡ ಮಾತ್ರಕ್ಕೆ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಸಹಿ ಹೇಳುವುದು ಇದು ಯಾರದು ಎಂದು ಮಾತ್ರ, ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ.

‘ಹೌದು’ ಎಂಬ ಚಟ

ಅಪಾಯವಿರುವುದು ಪ್ರಶ್ನೆಯಲ್ಲಿ ಅಲ್ಲ, ಅಭ್ಯಾಸದಲ್ಲಿ. ಅಪ್ಲಿಸಿಯಾ ಎಂಬ ಕಡಲ ಮೃದ್ವಂಗಿಯೊಂದಿದೆ. ಅದನ್ನು ಮೆಲ್ಲನೆ ಮುಟ್ಟಿದರೆ ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿ, ಏನೂ ಕೆಡುಕಾಗದಿದ್ದರೆ, ಎಳೆದುಕೊಳ್ಳುವುದನ್ನು ಕ್ರಮೇಣ ಕಡಿಮೆ ಮಾಡುತ್ತದೆ. ಈ ಜೀವಿಯ ನರಕೋಶಗಳಲ್ಲಿ ಇಂಥ ಕಲಿಕೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು. ಮನುಷ್ಯರ ಮಿದುಳಿಗೂ ಈ ಗುಣವಿದೆ. ಫ್ಯಾನಿನ ಸದ್ದು ಸ್ವಲ್ಪ ಹೊತ್ತಿನಲ್ಲೇ ಕಿವಿಗೆ ಬೀಳದಂತಾಗುತ್ತದೆ. ನೂರು ಸಲ ‘ಹೌದು’ ಒತ್ತಿ ಏನೂ ಆಗದಿದ್ದವರಿಗೆ ನೂರಾ ಒಂದನೆಯ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ಇದು ಸೋಮಾರಿತನವಲ್ಲ, ನರಮಂಡಲದ ಸ್ವಭಾವ. ಹುಷಾರಾಗಿರಿ ಎಂಬ ಬುದ್ಧಿವಾದವೊಂದರಿಂದಲೇ ಅದು ಬದಲಾಗದು.

2022ರ ಸೆಪ್ಟೆಂಬರಿನಲ್ಲಿ ನಡೆದ ಘಟನೆ ಇದಕ್ಕೆ ಸಾಕ್ಷಿ. ಬಾಡಿಗೆ ಕಾರುಗಳ ಉಬರ್ ಕಂಪನಿಯ ಒಳಜಾಲಕ್ಕೆ ಯಾರೋ ನುಗ್ಗಿದರು. ಆಮೇಲೆ ಕಂಪನಿಯೇ ಕೊಟ್ಟ ವಿವರದಂತೆ, ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದವರೊಬ್ಬರ ಸ್ವಂತ ಸಾಧನಕ್ಕೆ ಮೊದಲು ಕುತಂತ್ರಾಂಶ ತಗುಲಿ, ಅದರಿಂದ ಕಚೇರಿಯ ಪಾಸ್‌ವರ್ಡ್ ಕಳ್ಳರ ಪಾಲಾಗಿರಬೇಕು. ಪಾಸ್‌ವರ್ಡ್ ಒಂದೇ ಇದ್ದರೆ ಸಾಲದು; ಪ್ರವೇಶಿಸುವಾಗ ಫೋನಿಗೆ ಅಪ್ಪಣೆಯ ಕೋರಿಕೆ ಬರುತ್ತಿತ್ತು. ಕಳ್ಳ ಮತ್ತೆ ಮತ್ತೆ ಪ್ರಯತ್ನಿಸಿದ, ಕೋರಿಕೆಗಳು ಮತ್ತೆ ಮತ್ತೆ ಬಂದವು. ಕೊನೆಗೆ ಒಂದಕ್ಕೆ ಒಪ್ಪಿಗೆ ಸಿಕ್ಕಿಬಿಟ್ಟಿತು. ಬೀಗ ಒಡೆಯಲೇ ಇಲ್ಲ. ಬಾಗಿಲು ತಟ್ಟಿ ತಟ್ಟಿ ಒಳಗಿನವರಿಂದಲೇ ತೆರೆಸಿದರು.

ಇಂಥ ದಾಳಿಗಳಿಗೆ ಕಂಡುಕೊಂಡ ಒಂದು ಪರಿಹಾರ ಗಮನಿಸುವಂತಿದೆ. 2023ರ ಮೇ ತಿಂಗಳಿನಿಂದ ಮೈಕ್ರೋಸಾಫ್ಟಿನ ಅಪ್ಪಣೆಯ ಆ್ಯಪ್‌ನಲ್ಲಿ ಬರೀ ಒಪ್ಪಿಗೆಯ ಗುಂಡಿ ಒತ್ತಿದರೆ ಸಾಲದಾಯಿತು. ಪ್ರವೇಶಿಸುತ್ತಿರುವ ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಒತ್ತಬೇಕು. ಆ ಕಂಪ್ಯೂಟರಿನ ಮುಂದೆ ಇಲ್ಲದವರಿಗೆ ಸಂಖ್ಯೆ ಗೊತ್ತಿರುವುದಿಲ್ಲ, ಬೆರಳು ತಾನಾಗಿ ‘ಹೌದು’ ಎನ್ನಲಾಗುವುದಿಲ್ಲ. ಚಟವನ್ನು ಮುರಿಯಲು ಕ್ಷಣಕಾಲದ ಯೋಚನೆಯನ್ನು ಕಡ್ಡಾಯ ಮಾಡಿದಂತಾಯಿತು.

ಇನ್ನು ಕೆಲವರದು ಬೇರೆ ದಾರಿ. ಪ್ರಶ್ನೆಗಳ ಕಾಟವೇ ಬೇಡವೆಂದು ಆ ಏರ್ಪಾಡನ್ನೇ ಆರಿಸಿಬಿಡುತ್ತಾರೆ. ಹಳೆಯ ಮನೆಗಳಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಕಟ್ಟಿಬಿಡುತ್ತಿದ್ದರಲ್ಲ, ಅದೇ ಬುದ್ಧಿ. ಆಮೇಲೆ ಫ್ಯೂಸ್ ಹೋಗುವುದಿಲ್ಲ, ನಿಜ. ಹೋಗುವುದು ಗೋಡೆಯೊಳಗಿನ ವೈರು! ಫ್ಯೂಸ್ ಹೋದರೆ ಎಲ್ಲಿ ಶಾರ್ಟ್ ಆಗಿದೆ ಎಂದು ಹುಡುಕಬೇಕು. ಹಾಗೆಯೇ ಪ್ರಶ್ನೆ ಪದೇ ಪದೇ ಬರುತ್ತಿದ್ದರೆ ಯಾವ ತಂತ್ರಾಂಶ ಅದನ್ನು ಕೇಳುತ್ತಿದೆ ಎಂದು ಹುಡುಕಬೇಕು. ಅದರ ಹೊಸ ಆವೃತ್ತಿ ಹಾಕಿಕೊಂಡರೆ ಎಷ್ಟೋ ಸಲ ಸರಿಹೋಗುತ್ತದೆ. ಇಲ್ಲದಿದ್ದರೆ ಆ ತಂತ್ರಾಂಶ ಬೇಕೇ ಎಂದು ಯೋಚಿಸಬೇಕು.

ಮನೆಯಲ್ಲಿ, ಕಚೇರಿಯಲ್ಲಿ

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಮನೆಯ ಕಂಪ್ಯೂಟರಿನಲ್ಲಿ ಖಾತೆಗಳನ್ನು ಬೇರ್ಪಡಿಸುವುದು. ಹೊಸದಾಗಿ ಒಂದು ಅಡ್ಮಿನ್ ಖಾತೆ ಮಾಡಿ, ಅದಕ್ಕೆ ಗಟ್ಟಿ ಪಾಸ್‌ವರ್ಡ್ ಇಟ್ಟು, ಒಮ್ಮೆ ಅದರಿಂದ ಒಳಗೆ ಹೋಗಿ ನೋಡಿ. ಅದು ಸರಿಯಾಗಿ ತೆರೆದುಕೊಂಡ ಮೇಲೆ ದಿನವೂ ಬಳಸುವ ಹಳೆಯ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಿಸಿ. ಈ ಕ್ರಮ ತಪ್ಪಬಾರದು. ಬೀಗದ ಕೈಯನ್ನು ಬೀರುವಿನೊಳಗೇ ಬಿಟ್ಟು ಬೀಗ ಹಾಕಿದಂತಾದೀತು. ಮಕ್ಕಳಿಗೆ ಅವರದೇ ಸಾಮಾನ್ಯ ಖಾತೆ ಇರಲಿ. ಪಾಠ, ಪ್ರಾಜೆಕ್ಟ್, ಚಿತ್ರ, ಸಿನಿಮಾ ಎಲ್ಲ ಅದರಲ್ಲೇ ನಡೆಯುತ್ತದೆ. ಹೀಗೆ ಮಾಡಿದರೆ ಪ್ರಶ್ನೆಗಳು ಮಾಯವಾಗುವುದಿಲ್ಲ, ಆದರೆ ಪ್ರತಿ ಸಲವೂ ಪಾಸ್‌ವರ್ಡ್ ಒತ್ತಬೇಕಾಗುತ್ತದೆ. ಆ ಹತ್ತು ಸೆಕೆಂಡಿನಲ್ಲಿ ಯೋಚನೆಗೆ ಜಾಗ ಸಿಗುತ್ತದೆ.

ಎರಡನೆಯದು, ಪಾಸ್‌ವರ್ಡನ್ನು ಮಕ್ಕಳಿಗೆ ಕೂಗಿ ಹೇಳಬಾರದು. ಕರೆದಾಗ ತಂದೆ ತಾಯಿ ಎದ್ದು ಬಂದು, ಚೌಕಟ್ಟಿನಲ್ಲಿ ಬರೆದಿರುವುದನ್ನು ಮಗುವಿನ ಜೊತೆಗೇ ಓದಬೇಕು. ಓದದೆ ಪಾಸ್‌ವರ್ಡ್ ಒತ್ತುವ ಅಪ್ಪನಿಗೂ ಓದದೆ ‘ಹೌದು’ ಒತ್ತುವ ಮಗನಿಗೂ ವ್ಯತ್ಯಾಸವೇನಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಶ್ನೆ ಮೂಡಿದಾಗ ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ಕರೆದವರು ಯಾರು? ಈಗ ತಾನೇ ತಾವೇ ಒಂದು ತಂತ್ರಾಂಶವನ್ನು ಅದರ ತಯಾರಕರ ಜಾಲತಾಣದಿಂದ ತಂದು ಅಳವಡಿಸಲು ಹೊರಟಿದ್ದರೆ, ಚೌಕಟ್ಟಿನಲ್ಲಿ ಅದೇ ಹೆಸರಿದ್ದರೆ, ಪ್ರಶ್ನೆ ಬಂದದ್ದು ಸಹಜ. ಸುಮ್ಮನೆ ಪುಟ ಓದುತ್ತಿದ್ದಾಗ, ಯಾರೋ ಕಳಿಸಿದ ಬಿಲ್ಲನ್ನು ತೆರೆದಾಗ, ಸಿನಿಮಾ ನೋಡಲು ಹೊರಟಾಗ ಅಡ್ಮಿನ್ ಅಧಿಕಾರದ ಪ್ರಶ್ನೆ ಬಂದರೆ ಉತ್ತರ ‘ಬೇಡ’. ಹಣ ಕೊಡಬೇಕಾದ ತಂತ್ರಾಂಶವನ್ನು ಪುಕ್ಕಟೆ ಕೊಡುತ್ತೇವೆನ್ನುವ ತಾಣಗಳು, ಮೊದಲು ಆ್ಯಂಟಿವೈರಸ್ ಆರಿಸಿ, ಆಮೇಲೆ ಬರುವ ಪ್ರಶ್ನೆಗೆಲ್ಲ ‘ಹೌದು’ ಎನ್ನಿ ಎಂದು ಸಲಹೆ ಕೊಡುತ್ತವೆ. ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆಗೆದಿಡಿ ಎನ್ನುವವನು ಯಾರೆಂದು ಬೇರೆ ಹೇಳಬೇಕೆ? ಫೋನಿನಲ್ಲಿ ಯುಪಿಐ ಬಳಸುವ ತಂದೆ ತಾಯಂದಿರಿಗೆ ಈ ಪಾಠ ಹೊಸದಲ್ಲ. ಹಣ ಕಳಿಸಲು ಪಿನ್ ಬೇಕು, ಹಣ ಬರಲು ಬೇಡ. ತಾವು ಏನನ್ನೂ ಶುರುಮಾಡದಿದ್ದಾಗ ಪಿನ್ ಕೇಳಿದರೆ ಅದು ಮೋಸ. ಇಲ್ಲಿಯೂ ನ್ಯಾಯ ಅದೇ.

ಇನ್ನು ಕಚೇರಿಯ ಕಂಪ್ಯೂಟರ್. ಅಲ್ಲಿ ಅಡ್ಮಿನ್ ಅಧಿಕಾರ ಸಾಮಾನ್ಯವಾಗಿ ಕಂಪ್ಯೂಟರ್ ನೋಡಿಕೊಳ್ಳುವ ವಿಭಾಗದವರ ಕೈಯಲ್ಲಿರುತ್ತದೆ. ಇಪ್ಪತ್ತು ವರ್ಷ ದುಡಿದವರಿಗೂ ಪ್ರಿಂಟರ್ ಹಾಕಿಕೊಳ್ಳಲು ಸ್ವಾತಂತ್ರ್ಯವಿಲ್ಲವೇ ಎಂದು ಬೇಸರವಾಗುವುದುಂಟು. ಇದು ಅವಮಾನವಲ್ಲ. ಬುದ್ಧಿವಂತ ಅಡ್ಮಿನ್‌ಗಳು ತಮ್ಮ ಮಿಂಚಂಚೆಯನ್ನು ತಾವೇ ಸಾಮಾನ್ಯ ಖಾತೆಯಿಂದ ಓದುತ್ತಾರೆ. ಆದ್ದರಿಂದ ಸಹೋದ್ಯೋಗಿಯ ಪಾಸ್‌ವರ್ಡ್ ಕೇಳಿ ಪಡೆಯುವುದು, ಅಡ್ಡದಾರಿ ಹುಡುಕುವುದು ಬೇಡ. ಆ ಲ್ಯಾಪ್‌ಟಾಪ್ ಮನೆಗೆ ಬಂದಾಗ ಅದನ್ನು ಕಚೇರಿಯ ಬೀರುವೆಂದೇ ಭಾವಿಸಬೇಕು. ಮಕ್ಕಳ ಆಟಕ್ಕೆ, ಹೋಂವರ್ಕಿಗೆ ಅದು ಸಲ್ಲದು.

ಬೀಗಕ್ಕೂ ಮಿತಿಯುಂಟು

ಇಷ್ಟೆಲ್ಲ ಮಾಡಿದ ಮೇಲೆ ನಿಶ್ಚಿಂತೆಯೇ? ಇಲ್ಲ. ಅಡ್ಮಿನ್ ಅಧಿಕಾರ ಕಾಯುವುದು ಎಲ್ಲರಿಗೂ ಸೇರಿದ ಭಾಗವನ್ನು ಮಾತ್ರ ಎಂಬುದನ್ನು ಮರೆಯಬಾರದು. ಬಳಸುವವರ ಸ್ವಂತ ಕಡತಗಳನ್ನು ಅಳಿಸಲು, ಕದಿಯಲು, ಗೂಢಲಿಪಿಗೆ ತಿರುಗಿಸಿ ಒತ್ತೆಹಣ ಕೇಳಲು ಅಡ್ಮಿನ್ ಅಧಿಕಾರ ಬೇಕೇ ಇಲ್ಲ. 2000ದ ಮೇ ತಿಂಗಳಲ್ಲಿ ಪ್ರೇಮಪತ್ರದ ಸೋಗಿನಲ್ಲಿ ಬಂದ ‘ಐ ಲವ್ ಯು’ ಹುಳು ಮಾಡಿದ್ದೂ ಇದನ್ನೇ. ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ಕಳಿಸಿಕೊಂಡಿತು, ಅವರ ಚಿತ್ರಗಳನ್ನು ಅಳಿಸಿ ತನ್ನನ್ನೇ ಅಲ್ಲಿ ಬರೆದುಕೊಂಡಿತು. 2017ರ ಮೇ ತಿಂಗಳ ವಾನಾಕ್ರೈ ಹುಳುವಂತೂ ಯಾರ ‘ಹೌದು’ಗೂ ಕಾಯದೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು, ಹಾಕಿಕೊಂಡಿರದವರು ಸಿಕ್ಕಿಬಿದ್ದರು. ಆದ್ದರಿಂದ ಕಾಲಕಾಲಕ್ಕೆ ಅಪ್‌ಡೇಟ್ ಹಾಕಿಕೊಳ್ಳುವುದು, ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಟ್ಟು ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡುವುದು ಬೀಗದಷ್ಟೇ ಅಗತ್ಯ.

ಒತ್ತಿಬಿಟ್ಟ ಮೇಲೆ

ಕೊನೆಯದಾಗಿ 'ಹೌದು' ಒತ್ತಿಯೇಬಿಟ್ಟವರ ವಿಷಯ. ಮೈಮೇಲೆ ಆಸಿಡ್ ಚೆಲ್ಲಿದಾಗ ಪ್ರಯೋಗಶಾಲೆಯಲ್ಲಿ ಮೊದಲು ಮಾಡುವುದು ಯಾರು ಚೆಲ್ಲಿದರೆಂಬ ವಿಚಾರಣೆಯಲ್ಲ, ನೀರು ಸುರಿಯುವುದು. ಇಲ್ಲಿಯೂ ಹಾಗೆಯೇ. ಮೊದಲು ಇಂಟರ್‌ನೆಟ್ ಸಂಪರ್ಕ ಕಡಿಯಬೇಕು. ಕಚೇರಿಯ ಯಂತ್ರವಾದರೆ ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ಆಗಲೇ ಫೋನ್ ಮಾಡಬೇಕು. ಮುಖ್ಯವಾದ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಬೇಕು. ಭಾರತದ ಕಂಪ್ಯೂಟರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂಥ ದಾಳಿಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. ದೊಡ್ಡ ದೊಡ್ಡ ಸಂಸ್ಥೆಗಳಿಗೇ ಗಂಟೆಗಳ ಲೆಕ್ಕವೆಂದರೆ ಸಮಯದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಆದರೆ ಆ ಗಂಟೆಗಳನ್ನು ಮನೆಗಳಲ್ಲಿ ಕಳೆಯುವುದು ಭಯ. ಬೈಗುಳಕ್ಕೆ ಹೆದರಿದ ಹುಡುಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮ್ಮನಾಗುತ್ತಾನೆ. ಮರುದಿನ ಅಪ್ಪ ಅದನ್ನು ಕಚೇರಿಗೆ ಒಯ್ದು ಅಲ್ಲಿಯ ಜಾಲಕ್ಕೆ ಜೋಡಿಸುತ್ತಾರೆ. ಒಂದು ಯಂತ್ರದಲ್ಲಿ ಮುಗಿಯಬಹುದಾಗಿದ್ದ ತೊಂದರೆ ನೂರಕ್ಕೆ ಹರಡುತ್ತದೆ. ಆದ್ದರಿಂದ ತಂದೆ ತಾಯಂದಿರು ಮಕ್ಕಳಿಗೆ ಪಾಸ್‌ವರ್ಡ್ ಕೊಡದಿದ್ದರೂ ಒಂದು ಮಾತನ್ನು ಮೊದಲೇ ಕೊಟ್ಟಿರಬೇಕು: ಏನನ್ನೇ ಒತ್ತಿದ್ದರೂ ತಕ್ಷಣ ಬಂದು ಹೇಳಿದರೆ ಬೈಯುವುದಿಲ್ಲವೆಂದು. ಆ ಮಾತನ್ನು ಉಳಿಸಿಕೊಳ್ಳುವುದು ಅವರ ಜವಾಬ್ದಾರಿ, ಓಡಿಬಂದು ಹೇಳುವುದು ಮಕ್ಕಳ ಜವಾಬ್ದಾರಿ.